ಸಿಟ್ಟಿನ ಕೈ

ಪಕ್ಕದ ಮನೆಯಲ್ಲಿ ಇಳಿದುಕೊಂಡಿದ್ದ ಮದುಮಗ ಬೆಳಗಿನಿಂದ ಕೆಮ್ಮುತ್ತಿದ್ದ. ಮದುವೆಮನೆಯ ಹಿತ್ತಿಲ ಚಪ್ಪರದವರೆಗೂ ಕೇಳಿಸುತ್ತಿತ್ತು.

ಚಪ್ಪರದಡಿ ಈರುಳ್ಳಿ ಹೆಚ್ಚುತ್ತಿದ್ದ ಜಹಾರಾ ಚಾಕು ನಿಲ್ಲಿಸಲಿಲ್ಲ. ಒಣಕೆಮ್ಮು, ಕಫ ಇಲ್ಲ. ಹೊಗೆ ಕುಡಿದು ಗಂಟಲು ಕೆರೆದುಕೊಂಡದ್ದು. ಸುಮ್ಮನಿದ್ದರೆ ಸುಮ್ಮನಿರುತ್ತದೆ, ಮಾತು ಉದ್ದವಾದರೆ ಅಡ್ಡ ಬರುತ್ತದೆ. ಕೊಯ್ಲು ಮುಗಿದಿತ್ತು. ಪಾಯಾ ಲಿಂತಾ ಊರಿನ ಸುತ್ತ ಗದ್ದೆಗಳಲ್ಲಿ ಹುಲ್ಲು ಸುಡುತ್ತಿದ್ದರು. ಅರ್ಧ ಊರು ಕೆಮ್ಮುತ್ತಿತ್ತು. ಆದರೆ ಅರ್ಧ ಊರಿಗೆ ಇವತ್ತು ನಿಕಾಹ್ ಇರಲಿಲ್ಲ.

"ಕೇಳಿಸ್ತಾ ಮಾಕ್ ಲೊಂಗ್?" ಎದುರಿಗೆ ಬೆಳ್ಳುಳ್ಳಿ ಸುಲಿಯುತ್ತಿದ್ದ ನೆರೆಮನೆಯ ಮುನಾ ಕೇಳಿದಳು. ಜಹಾರಾ ಮದುಮಗಳ ಅಪ್ಪನ ಅಕ್ಕ. ಮನೆಮಂದಿಗೆ ದೊಡ್ಡತ್ತೆ, ಮಾಕ್ ಲೊಂಗ್. ಊರವರೂ ಹಾಗೇ ಕರೆಯುತ್ತಿದ್ದರು.

"ನನ್ನ ಕಿವಿ ಚೆನ್ನಾಗೇ ಇದೆ."

"ಈ ಕೆಮ್ಮಲ್ಲಿ ಒಂದೇ ಉಸಿರಲ್ಲಿ ಹೆಂಗೆ ಹೇಳ್ತಾನೆ ಪಾಪ?"

"ಪಾಪ ಅಂತೆ. ಅವರಮ್ಮನ ಬ್ಯಾಗಲ್ಲಿ ಸೀಸೆ ಔಷಧಿ ಇರತ್ತೆ ಬಿಡು. ಪಟ್ಟಣದೋರು."

"ಮೂರು ಸೀಸೆ ಖಾಲಿಯಾಯ್ತಂತೆ. ಹುಡುಗ ತೂಕಡಿಸ್ತಿದಾನೆ, ಕೆಮ್ಮು ಮಾತ್ರ ಎದ್ದು ಕೂತಿದೆ."

ಚಪ್ಪರದಡಿ ಇದ್ದ ಹೆಂಗಸರೆಲ್ಲ ನಕ್ಕರು. ಜಹಾರಾ ನಗಲಿಲ್ಲ. ಒಳಗೊಳಗೆ ಹಿತವಾಗಿತ್ತು. ಕೆಮ್ಮಲಿ ಅಂದುಕೊಂಡಳು.

ಆ ಊರಲ್ಲಿ ಖಾಜಿ ಮದುಮಗನ ಕೈ ಹಿಡಿದು 'ಕೊಟ್ಟೆ' ಅಂದ ಕೂಡಲೇ ಮದುಮಗ ಹುಡುಗಿಯ ಹೆಸರು, ಅವಳ ತಂದೆಯ ಹೆಸರು, ಅವಳಿಗೆ ಕೊಡುವ ಮಹರಿನ ಹಣ ಎಲ್ಲ ಸೇರಿಸಿ 'ಒಪ್ಪಿಕೊಂಡೆ' ಅನ್ನುವವರೆಗೆ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಬೇಕು. ನಡುವೆ ಉಸಿರು ತುಂಡಾದರೆ ಇಬ್ಬರು ಸಾಕ್ಷಿಗಳು ತಲೆ ಅಲ್ಲಾಡಿಸುತ್ತಾರೆ. ಮೂರನೇ ಸಲವೂ ತಪ್ಪಿದರೆ ಹುಡುಗನಿಗೆ ಎದ್ದು ಸ್ನಾನ ಮಾಡಿಕೊಂಡು ಬಾ ಅನ್ನುತ್ತಾರೆ. ಧರ್ಮದ ಪುಸ್ತಕದಲ್ಲಿ ಹೀಗೆಲ್ಲ ಇಲ್ಲ ಅಂತ ಓದಿದವರು ಹೇಳುವುದುಂಟು. ಸಾಕ್ಷಿಗಳು ಪುಸ್ತಕ ಓದಿದವರಲ್ಲ. ಹಿಂದೊಮ್ಮೆ ಹಾಗೆ ಸ್ನಾನಕ್ಕೆ ಹೋದ ಮದುಮಗನೊಬ್ಬ ಬಚ್ಚಲ ಹಿಂದಿನಿಂದ ಹಾಗೇ ಊರು ಬಿಟ್ಟಿದ್ದ. ಆ ಹುಡುಗಿಗೆ ಇನ್ನೊಂದು ಗಂಡು ಸಿಗುವಷ್ಟರಲ್ಲಿ ಅವಳ ತಲೆ ನೆರೆಯತೊಡಗಿತ್ತು.

ಕೆಮ್ಮಿಗೆ ಊರಲ್ಲಿ ಔಷಧಿ ಇದ್ದದ್ದು ಜಹಾರಾಳ ಕೈಯಲ್ಲಿ. ಹಿತ್ತಿಲಿನ ಆಚೆಗೇ ಇದ್ದ ಅವಳ ಮನೆಯ ಬಾವಿಕಟ್ಟೆಯ ಪಕ್ಕ ಒಂದು ಬಿಂಬುಳಿ ಮರ. ಅದರ ಕಾಂಡಕ್ಕೇ ಅಂಟಿಕೊಂಡು ಬಿಡುವ ಸಣ್ಣ ಕೆಂಪು ಹೂ, ಒಂದು ಚಿಟಿಕೆ ಸೋಂಪು, ಕಲ್ಲುಸಕ್ಕರೆ. ಮುಚ್ಚಳದ ಬಟ್ಟಲಲ್ಲಿಟ್ಟು ಹಬೆಯಲ್ಲಿ ಬೇಯಿಸಿ ಸೋಸಿ ಕೊಡುವುದು. ಇಷ್ಟೇ. ಸಾಮಾನು ಎಲ್ಲರಿಗೂ ಗೊತ್ತಿತ್ತು, ಯಾರೂ ಮಾಡುತ್ತಿರಲಿಲ್ಲ. ಕೈಯಿಂದ ಕೈಗೆ ಅನುಮತಿ ಬರದೆ ಮಾಡಿದರೆ ಅದು ಬರೀ ಪಾನಕ. ಜಹಾರಾಳಿಗೆ ಅವಳ ತಾಯಿ ಕೊಟ್ಟದ್ದು. ಕೊಟ್ಟ ದಿನದಿಂದ ಆ ತಾಯಿ ತಾನಾಗಿ ಒಂದು ಹೂ ಕಿತ್ತಿರಲಿಲ್ಲ. ಒಬ್ಬರಿಂದ ಒಬ್ಬರಿಗೆ, ಕೊಟ್ಟವರ ಕೈ ಅಲ್ಲಿಗೆ ಖಾಲಿ. ಜಹಾರಾಳಿಗೆ ಮಕ್ಕಳಿರಲಿಲ್ಲ. ಮುಂದೆ ಅದು ತಮ್ಮನ ಮಗಳು ವಾಹಿದಾಳಿಗೆ ಅಂತ ತೀರ್ಮಾನಿಸಿಕೊಂಡಿದ್ದಳು.

ಇನ್ನೊಂದು ಕಟ್ಟಳೆ ಇತ್ತು. ಯಾರ ಮೇಲೆ ಸಿಟ್ಟಿದೆಯೋ ಅವರಿಗೆ, ಅವರ ಮನೆಯವರಿಗೆ ಆ ಔಷಧಿ ಮಾಡಕೂಡದು. ಸಿಟ್ಟಿನ ಕೈಯ ಔಷಧಿ ಗಂಟಲ ಕೆಮ್ಮನ್ನು ಎದೆಗಿಳಿಸುತ್ತದೆ. ಮಾಡಿದವಳ ಕೈಯೂ ಅಲ್ಲಿಗೆ ಕೆಡುತ್ತದೆ.

ಜಹಾರಾಳಿಗೆ ಸಿಟ್ಟು ಇದ್ದದ್ದು ಮದುಮಗ ಹಜ್ವಾನನ ಮೇಲಲ್ಲ. ಅವನು ಸುಂಗೈ ಪತಾನಿ ಪಟ್ಟಣದಲ್ಲಿ ಟಯರ್ ಅಂಗಡಿ ನೋಡಿಕೊಂಡಿದ್ದ ಮೆದು ಹುಡುಗ. ಸಿಟ್ಟು ಅವನ ತಾಯಿ ಫೌಜಿಯಾ ಮೇಲೆ. ನಿಶ್ಚಿತಾರ್ಥದ ದಿನ ಫೌಜಿಯಾಳ ಮೊಮ್ಮಗಳು ಕೆಮ್ಮುತ್ತಿದ್ದಳು. ಜಹಾರಾ ನಿಂಬೆರಸಕ್ಕೆ ಎರಡು ಹನಿ ಸೋಯಾ ಸಾಸ್ ಹಾಕಿ ಚಮಚದಲ್ಲಿ ಮಗುವಿನ ಬಾಯಿಗೆ ಹಿಡಿದಳು. ಯಾವ ಮನೆಯಲ್ಲಾದರೂ ಯಾರಾದರೂ ಮಾಡುವಂಥದು. ಫೌಜಿಯಾ ಬಂದವಳೇ ಚಮಚಕ್ಕೆ ಹೊಡೆದಳು. ಅಷ್ಟೂ ಜಹಾರಾಳ ಹೊಸ ರವಿಕೆಯ ಮೇಲೆ ಬಿತ್ತು. "ಸಿಕ್ಕಸಿಕ್ಕವರ ಕೈಯಿಂದ ನಮ್ಮ ಮಕ್ಕಳು ಏನೂ ತಿನ್ನಲ್ಲ" ಅಂದಳು ಫೌಜಿಯಾ, ಎರಡು ಕಡೆಯ ಬೀಗರು ನೋಡುತ್ತಿದ್ದಂತೆ. ಸಿಕ್ಕಸಿಕ್ಕವರು! ಮದುಮಗಳ ಸೋದರತ್ತೆ!

ಜಹಾರಾಳ ತಮ್ಮ ಸೊಬ್ರಿ ಹಿತ್ತಿಲಿಗೆ ಬಂದ. ಹೊಸ ರೇಷ್ಮೆಲುಂಗಿ, ತಲೆಗೆ ಕಪ್ಪು ಟೋಪಿ, ಮುಖದ ತುಂಬ ಬೆವರು.

"ಅಕ್ಕ, ಒಂದು ಬಟ್ಟಲು ಔಷಧಿ ಇಟ್ಟುಬಿಡು."

"ಯಾರಿಗೆ?"

"ಯಾರಿಗೆ ಅಂತ ಗೊತ್ತಿಲ್ವಾ ನಿಂಗೆ?"

"ಗೊತ್ತು. ಆಗಲ್ಲ."

"ನನ್ನ ಮಗಳ ಮದುವೆ ಕಣೇ ಇದು."

"ಅದಕ್ಕೇ ಈರುಳ್ಳಿ ಹೆಚ್ತಿದೀನಿ. ಇನ್ನೊಂದು ಮೂಟೆ ತಂದು ಹಾಕು, ಹೆಚ್ತೀನಿ. ಔಷಧಿ ಆಗಲ್ಲ. ಸಿಟ್ಟಿದೆ ನಂಗೆ."

"ಸಿಟ್ಟು ಬಿಡು."

"ನೀನು ಬೀಡಿ ಬಿಡ್ತೀನಿ ಅಂತ ಎಷ್ಟು ಸಲ ಹೇಳಿದೀಯಾ?"

ಸೊಬ್ರಿ ಹಲ್ಲು ಕಚ್ಚಿದ. "ಆಯಮ್ಮನ ಕೈ ಹಿಡಿದು ಕ್ಷಮಿಸಿದೀನಿ ಅಂತ ಬಾಯಲ್ಲಿ ಒಂದ್ಮಾತು ಅನ್ನು. ಮುಗೀತು."

"ನಿಮಗೆಲ್ಲ ಸುಳ್ಳು ಹೇಳಬಹುದು ಕಣೋ. ಮರಕ್ಕೆ ಹೇಳಕಾಗತ್ತಾ?"

"ಮರಕ್ಕಂತೆ." ಸೊಬ್ರಿ ಅಲ್ಲೇ ಉಗುಳಿ ಹೋದ.

ಹತ್ತು ಗಂಟೆಗೆ ನಡುಮನೆಯಲ್ಲಿ ಚಾಪೆ ಹಾಸಿ ಎಲ್ಲರೂ ಕೂತರು. ಗಂಡಸರು ಮುಂದೆ, ಹೆಂಗಸರು ಗೋಡೆಗೆ ಒರಗಿ. ಅಡುಗೆಮನೆಯ ಬಾಗಿಲಲ್ಲಿ ನಿಂತರೆ ಎಲ್ಲ ಕಾಣುತ್ತಿತ್ತು. ಜಹಾರಾ ಅಲ್ಲಿಗೆ ಬಂದಳು, ಕೈಯಲ್ಲಿ ಈರುಳ್ಳಿ ಚಾಕು ಇರುವಂತೆಯೇ.

ಹಜ್ವಾನ್ ಬಿಳಿ ಉಡುಪಿನಲ್ಲಿ ದಿಂಬಿನ ಮೇಲೆ ಕೂತಿದ್ದ. ಸೀಸೆ ಔಷಧಿಯ ಮಂಪರಿಗೆ ಕಣ್ಣು ಕೆಂಪಾಗಿದ್ದವು. ಖಾಜಿ ಅವನ ಬಲಗೈ ಹಿಡಿದು ಹೆಬ್ಬೆರಳಿಗೆ ಹೆಬ್ಬೆರಳು ಒತ್ತಿ 'ಕೊಟ್ಟೆ' ಅಂದರು. ಹಜ್ವಾನ್ ಶುರುಮಾಡಿದ. ಸೊಬ್ರಿಯ ಹೆಸರಿನವರೆಗೆ ಬಂದ. ಕೆಮ್ಮು ಬಂತು.

ಸಾಕ್ಷಿಗಳು ತಲೆ ಅಲ್ಲಾಡಿಸಿದರು.

ಎರಡನೇ ಸಲ ಮಹರಿನವರೆಗೆ ಬಂದ. ಗಂಟಲು ಬಿಗಿಹಿಡಿದು ಇನ್ನೊಂದು ಮಾತು ನೂಕಿದ. ಕಣ್ಣು ಹೊರಗೆ ಬಂದವು. ಆಮೇಲೆ ಕೆಮ್ಮು ಹಿಂದಿನದಕ್ಕೂ ಬಡ್ಡಿ ಸೇರಿಸಿಕೊಂಡು ಬಂತು. ಮುಂದಿನ ಸಾಲಿನಲ್ಲಿ ಕೂತಿದ್ದ ಮುದುಕನೊಬ್ಬ "ಬಚ್ಚಲಿಗೆ ನೀರು ತುಂಬಿಸ್ರೋ" ಅಂದ. ಹುಡುಗರು ನಕ್ಕರು.

ಖಾಜಿ ಕೈ ಬಿಟ್ಟರು. "ಮೂರನೇದು ಈಗಲೇ ಬೇಡ. ಬಿಸಿನೀರು ಕುಡೀಲಿ. ಮಧ್ಯಾಹ್ನದ ನಮಾಜು ಮುಗಿಸ್ಕೊಂಡು ನಾನು ಇನ್ನೊಂದು ಊರಿಗೆ ಹೋಗಬೇಕು, ಅಲ್ಲೂ ನಿಕಾಹ್ ಇದೆ. ಅಷ್ಟರೊಳಗೆ ಏನಾದ್ರೂ ಮಾಡ್ಕೊಳಿ."

ಗೋಡೆಗೆ ಒರಗಿದ್ದ ಹೆಂಗಸರ ಕಣ್ಣು ಒಂದೊಂದಾಗಿ ಅಡುಗೆಮನೆಯ ಬಾಗಿಲಿಗೆ ಬಂದವು. ಜಹಾರಾ ಆ ನೋಟ ಬಲ್ಲಳು. ಪಕ್ಕದ ಊರಿನ ಒಬ್ಬ ಸೂಲಗಿತ್ತಿಯ ಮೇಲೆ ಅಂಥ ನೋಟ ಬಿದ್ದ ಮೇಲೆ ಅವಳ ಮನೆಯ ನೀರು ಕೂಡ ಯಾರೂ ಮುಟ್ಟಿರಲಿಲ್ಲ.

ಸೊಬ್ರಿಯ ಹೆಂಡತಿ ಸಲ್ಮಿ ನೆಟ್ಟಗೆ ಬಂದಳು. "ಅತ್ತಿಗೆ, ನಿಮ್ಮ ಹೊಟ್ಟೆ ತಣ್ಣಗಾಯ್ತಾ?"

"ನಾನೇನು ಮಾಡಿದೆ?"

"ಏನೂ ಮಾಡ್ಲಿಲ್ವಲ್ಲ, ಅದೇ. ಅವರ ಕಡೆ ಹೆಂಗಸರು ಏನಂತಿದಾರೆ ಗೊತ್ತಾ? ಚಾಕು ಹಿಡ್ಕೊಂಡು ಬಾಗಿಲಲ್ಲಿ ನಿಂತು ಅವನ ಮಾತು ಕತ್ತರಿಸಿದಳು ಅಂತ."

ಜಹಾರಾ ಕೈಯಲ್ಲಿದ್ದ ಚಾಕು ನೋಡಿಕೊಂಡಳು. ಅದನ್ನು ಕಿಟಕಿಯ ಮೇಲಿಟ್ಟಳು. ಇಟ್ಟದ್ದು ಇನ್ನೂ ಕೆಟ್ಟದಾಗಿ ಕಂಡಿತು.

ಸಲ್ಮಿಯ ಹಿಂದೆ ಸೊಬ್ರಿ ಬಂದಿದ್ದ. ಅವನ ಮಾತು ಮೆಲ್ಲಗಿತ್ತು. "ಇವತ್ತು ಈ ಮದುವೆ ಮುರಿದರೆ ಅಕ್ಕ, ನೀನು ನಮ್ಮ ಮೆಟ್ಟಿಲು ಹತ್ತಬೇಡ. ನಾನು ಸತ್ತರೂ ಹತ್ತಬೇಡ."

ಜಹಾರಾ ಅಲ್ಲಿಂದ ಮದುಮಗಳ ಕೋಣೆಗೆ ಹೋದಳು.

ವಾಹಿದಾ ಮಂಚದ ಮೇಲೆ ಕೂತಿದ್ದಳು. ಬೆರಳ ತುದಿಗಳಿಗೆ ಮದರಂಗಿ, ಮುಖದ ಮೇಲೆ ಬೆರಳುದಪ್ಪ ಬಣ್ಣ. ಅಳಬಾರದೆಂದು ಅಲಂಕಾರ ಮಾಡುವವಳು ಅವಳ ಕಣ್ಣಿಗೆ ಬೀಸಣಿಗೆ ಬೀಸುತ್ತಿದ್ದಳು.

"ನೀನು ಹೊರಗೆ ಹೋಗಮ್ಮ" ಅಂದಳು ಜಹಾರಾ. ಅವಳು ಹೋದ ಮೇಲೆ ಬಾಗಿಲು ಹಾಕಿದಳು. "ವಾಹಿದಾ, ಬಲಗೈ ಕೊಡು. ನಾನು ಕೊಟ್ಟೆ ಅಂತೀನಿ, ನೀನು ಒಪ್ಪಿಕೊಂಡೆ ಅನ್ನು. ಔಷಧಿ ನಿನ್ನದಾಗತ್ತೆ. ಹೂ ಕಿತ್ತು ಬಟ್ಟಲಿಗೆ ಹಾಕು, ಉಳಿದದ್ದು ನಾನು ನಿಂತು ಹೇಳ್ತೀನಿ. ನಿಂಗೆ ಅವನ ಮೇಲೆ ಸಿಟ್ಟಿಲ್ವಲ್ಲ."

"ಈಗ ಸ್ವಲ್ಪ ಇದೆ."

"ತಮಾಷೆ ಬೇಡ. ಹೆಂಗೂ ಇದು ನಿನಗೇ ಅಂತ ಇಟ್ಟಿದ್ದು. ಇವತ್ತೇ ತಗೊಂಡುಬಿಡು."

ವಾಹಿದಾ ಕೈ ಮುಂದೆ ಮಾಡಲಿಲ್ಲ. ಮಡಿಲಲ್ಲೇ ಇಟ್ಟುಕೊಂಡಳು.

"ನಂಗೆ ಬೇಡ ಮಾಕ್ ಲೊಂಗ್."

"ಏನು ಬೇಡ?"

"ಅದು. ಆ ಬಟ್ಟಲು, ಆ ಹೂವು. ತಗೊಂಡ್ರೆ ಸಾಯೋವರೆಗೂ ಬಿಡೋ ಹಾಗಿಲ್ಲ. ಅವರ ಮನೆಗೆ ಹೋಗಿ, ಆ ಅತ್ತೆ ಎದುರಿಗೆ, ಬೇರು ನಾರು ಮಾಡೋಳು ಅಂತ ಅನ್ನಿಸ್ಕೊಳ್ಲಾ?"

"ಒಂದ್ಸಲ ಮಾಡು ಇವತ್ತು."

"ಅದರ ವಾಸನೆನೇ ನಂಗಾಗಲ್ಲ. ಚಿಕ್ಕವಳಿದ್ದಾಗಿಂದ ಆಗ್ತಿರ್ಲಿಲ್ಲ. ನೀವು ಕುಡಿಸಿದ್ದೆಲ್ಲ ನಾನು ಬಾವಿ ಹಿಂದೆ ಹೋಗಿ ಉಗೀತಿದ್ದೆ. ಹೇಳಿದ್ರೆ ನಿಮಗೆ ಬೇಜಾರಾಗತ್ತೆ ಅಂತ ಹೇಳಿರ್ಲಿಲ್ಲ."

"ಇವತ್ತು ಬೇಜಾರಾಗಲ್ಲ ಅಂತ ಯಾರು ಹೇಳಿದ್ರು ನಿಂಗೆ?"

"ಬೇಜಾರಾಗ್ಲಿ" ಅಂದಳು ವಾಹಿದಾ. ಬಣ್ಣದ ಮೇಲೆ ಒಂದು ಗೆರೆ ಇಳಿಯಿತು. "ಅಲ್ಲಿ ನಿಂತು ಅವನು ಉಸಿರು ಕಟ್ಟೋದು ನೋಡ್ತಾ ಇದ್ರಲ್ಲ. ನನಗಾಗ್ಲಿಲ್ವಾ ಬೇಜಾರು?"

ಜಹಾರಾ ಕೋಣೆಯಿಂದ ಹೊರಗೆ ಬಂದಳು. ಬಾಗಿಲು ತಾನಾಗಿ ಬಡಿದುಕೊಂಡಿತು. ಅವಳು ಬಡಿದಳು ಅಂತಲೇ ಎಲ್ಲರೂ ತಿಳಿದರು.

ಹಿತ್ತಿಲ ಚಪ್ಪರದಡಿ ಫೌಜಿಯಾ ಕಾಯುತ್ತಿದ್ದಳು. ಮೈತುಂಬ ಚಿನ್ನದ ಬಣ್ಣದ ರೇಷ್ಮೆ, ತಲೆವಸ್ತ್ರವೂ ಅದೇ ಬಣ್ಣದ್ದು, ಕಾಲಿಗೆ ಎತ್ತರದ ಹಿಮ್ಮಡಿ. ಪಟ್ಟಣದಲ್ಲಿ ಅವಳದು ಕೇಕಿನ ಅಂಗಡಿ. ತಾನೇ ಒಂದು ಕೇಕಿನ ಹಾಗೆ ಕಾಣುತ್ತಾಳೆ ಅಂತ ಜಹಾರಾಳಿಗೆ ಅನ್ನಿಸಿತು.

"ತೆಗಿ" ಅಂದಳು ಫೌಜಿಯಾ.

"ಏನನ್ನ?"

"ನನ್ನ ಮಗನ ಮೇಲೆ ಏನು ಹಾಕಿದೀಯೋ ಅದನ್ನ ತೆಗಿ."

ಗುಲಾಯ್ ಮಾಂಸದ ಸಾರಿನ ಕೊಪ್ಪರಿಗೆ ತಿರುವುತ್ತಿದ್ದ ಗಂಡಸರ ಸೌಟು ನಿಂತಿತು. ಮುನಾ ಬೆಳ್ಳುಳ್ಳಿ ಬುಟ್ಟಿಯನ್ನು ತನ್ನ ಕಡೆ ಎಳೆದುಕೊಂಡಳು.

"ಹೊಗೆ ಹಾಕಿದ್ದು ಗದ್ದೆಯೋರು" ಅಂದಳು ಜಹಾರಾ. "ಅಲ್ಲಿ ಹೋಗಿ ಹೇಳು, ತೆಗೀತಾರೆ."

"ಆಟ ಆಡಬೇಡ. ನಂಗೊತ್ತು ನಿಮ್ಮಂಥೋರ ಕೈಚಳಕ. ನಮ್ಮಕ್ಕ ಹಿಂಗೇ ಒಂದು ಹಳ್ಳಿ ಮದುವೆಗೆ ಹೋಗಿ ಉಂಡು ಬಂದಳು. ಯಾವಳೋ ಮದ್ದು ಹಾಕಿದ್ದಳು. ವರ್ಷಗಟ್ಟಲೆ ಕೆಮ್ಮಿದಳು. ರಕ್ತ ಕೆಮ್ಮಿ ಸತ್ತಳು. ಆಸ್ಪತ್ರೆಯೋರು ಕ್ಷಯ ಅಂದ್ರು. ನಮಗೆ ಗೊತ್ತಿಲ್ವಾ?"

ಜಹಾರಾ ಅವಳನ್ನೇ ನೋಡಿದಳು. ಇವಳಿಗೆ ನಂಬಿಕೆ ಇಲ್ಲ ಅಂತ ಇಷ್ಟು ದಿನ ತಿಳಿದಿದ್ದೆನಲ್ಲ, ಅಂದುಕೊಂಡಳು. ಪಾಯಾ ಲಿಂತಾದಲ್ಲಿ ಇವಳಷ್ಟು ನಂಬಿದವರು ಯಾರೂ ಇಲ್ಲ. ನಂಬದವಳು ಚಮಚಕ್ಕೆ ಹೆದರುತ್ತಾಳಾ?

ಸಿಟ್ಟು ಇಳಿಯಿತೇ ಅಂತ ಒಳಗೆ ತಡಕಾಡಿ ನೋಡಿದಳು. ಇಳಿದಿರಲಿಲ್ಲ. ಅಕ್ಕ ಸತ್ತದ್ದು ಕೇಳಿದರೂ ರವಿಕೆಯ ಕಲೆ ಹಾಗೇ ಇತ್ತು.

"ನಾನೇನೂ ಹಾಕಿಲ್ಲ. ಹಾಕದೇ ಇರೋದನ್ನ ತೆಗಿಯೋಕಾಗಲ್ಲ" ಅಂದಳು. "ಔಷಧಿ ಮಾಡೋಣ ಅಂದ್ರೆ ಅದೂ ಆಗಲ್ಲ. ನಿನ್ನ ಮೇಲೆ ನಂಗೆ ಸಿಟ್ಟಿದೆ. ಈ ಕೈಲಿ ಮಾಡಿದ್ರೆ ನಿನ್ನ ಮಗನ ಕೆಮ್ಮು ಎದೆಗಿಳಿಯತ್ತೆ. ಮಾಡ್ಲಾ?"

"ಬೇಡ!"

"ಹಂಗಾದ್ರೆ ನೀನೇ ಮಾಡು."

"ಏನು?"

"ನಿನಗೆ ಸಿಟ್ಟು ನನ್ನ ಮೇಲೆ, ಮಗನ ಮೇಲಲ್ಲ. ನಾನು ಅನುಮತಿ ಕೊಡ್ತೀನಿ, ನೀನು ಮಾಡು. ನಿನ್ನ ಕೈಯಿಂದ ಕುಡೀತಾನೆ. ನಾನು ಬಟ್ಟಲು ಮುಟ್ಟಲ್ಲ."

"ಮಾಕ್ ಲೊಂಗ್!" ಮುನಾ ಎದ್ದು ನಿಂತಳು. "ಬುದ್ಧಿ ಇದೆಯಾ ನಿಮಗೆ? ಕೊಟ್ರೆ ಹೋಯ್ತಲ್ಲ! ನಮಗ್ಯಾರು?"

"ನಿಮಗೆ ಸೀಸೆ ಔಷಧಿ."

ಫೌಜಿಯಾ ಕಣ್ಣು ಕಿರಿದು ಮಾಡಿದಳು. "ನಾನು ಮಾಡಿದ್ರೆ ಹತ್ತತ್ತಾ?"

"ನಾನು ಕೊಟ್ರೆ ಹತ್ತತ್ತೆ."

"ಕೊಟ್ಟಾದ ಮೇಲೆ ನೀನು?"

"ನನ್ನ ಕೈ ಬರೀ ಕೈ. ಈರುಳ್ಳಿ ಹೆಚ್ಚೋಕೆ."

"ಯಾಕೆ ಕೊಡ್ತೀಯಾ? ಇದರಲ್ಲಿ ಏನೋ ಇದೆ."

"ನಿನ್ನ ಮೇಲೆ ಪ್ರೀತಿ ಉಕ್ಕಿ ಅಂತೂ ಅಲ್ಲ. ನಮ್ಮ ಹುಡುಗಿ ಒಳಗೆ ಬಣ್ಣ ಹಚ್ಕೊಂಡು ಕೂತಿದಾಳೆ. ಮೂರನೇ ಸಲ ಅವನು ಕೆಮ್ಮಿದ್ರೆ ಅವಳ ಹಣೆಬರಹಕ್ಕೆ ನನ್ನ ಹೆಸರು ಬರೀತಾರೆ ಈ ಊರೋರು. ಯಾರಿಗೆ ಅಂತ ಇಟ್ಟಿದ್ದೆನೋ ಅವಳಿಗೂ ಬೇಡವಂತೆ. ನಾಯಿಗೆ ಹಾಕೋ ಬದಲು ನಿನಗೆ ಹಾಕ್ತಿದೀನಿ ಅಂದ್ಕೋ. ಬೇಕಾ, ಬೇಡ್ವಾ?"

ನಡುಮನೆಯಿಂದ ಹಜ್ವಾನನ ಕೆಮ್ಮು ಬಂತು. ಹರಿದ ಬಟ್ಟೆಯನ್ನು ಇನ್ನೂ ಹರಿದ ಹಾಗೆ.

ಫೌಜಿಯಾ ಕೈ ಚಾಚಿದಳು. ಆ ಕೈಯಲ್ಲಿ ಬೆರಳಿಗೊಂದು ಉಂಗುರ. ಜಹಾರಾ ಅದನ್ನು ಹಿಡಿದು ಹೆಬ್ಬೆರಳಿಗೆ ಹೆಬ್ಬೆರಳು ಒತ್ತಿದಳು. ಫೌಜಿಯಾಳ ಅಂಗೈ ಬೆವೆತಿತ್ತು. ತನ್ನ ಕೈಯಿಂದ ಈರುಳ್ಳಿ ನಾರುತ್ತಿತ್ತು. ತಾಯಿ ಕೊಟ್ಟಾಗ ಎಷ್ಟು ನಿಧಾನವಾಗಿ ಮಾತಾಡಿದ್ದಳು, ಬಾವಿಕಟ್ಟೆ ತೊಳೆದು, ಚಾಪೆ ಹಾಸಿ. ಇದು ಮೂಟೆ ದಾಟಿಸಿದ ಹಾಗೆ ಆಗುತ್ತಿದೆ ಅನ್ನಿಸಿತು. ಅನ್ನಿಸಿದರೂ ಮಾತು ಹೊರಟುಬಿಟ್ಟಿತ್ತು.

"ನನ್ನ ತಾಯಿ ನನಗೆ ಕೊಟ್ಟ ಕೆಮ್ಮಿನ ಔಷಧಿಯನ್ನ ನಾನು ಫೌಜಿಯಾಗೆ ಕೊಟ್ಟೆ."

ಫೌಜಿಯಾ ತುಟಿ ಒದ್ದೆ ಮಾಡಿಕೊಂಡಳು.

"ಒಂದೇ ಉಸಿರಲ್ಲಿ ಬೀಗಿತ್ತಿ!" ಕೊಪ್ಪರಿಗೆಯ ಹತ್ತಿರದಿಂದ ಯಾವನೋ ಕೂಗಿದ. "ಇಲ್ಲಾಂದ್ರೆ ಸ್ನಾನಕ್ಕೆ ಕಳಿಸ್ತೀವಿ!"

"ಒಪ್ಪಿಕೊಂಡೆ" ಅಂದಳು ಫೌಜಿಯಾ, ಹಲ್ಲು ಕಚ್ಚಿ.

ಜಹಾರಾ ತಕ್ಷಣ ಕೈ ಬಿಟ್ಟಳು. ಬೇರೇನೂ ಆಗಲಿಲ್ಲ. ಕೈ ಹಗುರವಾಗಲಿಲ್ಲ, ಭಾರವಾಗಲಿಲ್ಲ. ಲುಂಗಿಗೆ ಒರೆಸಿಕೊಂಡಳು.

"ಬಾ. ಚಪ್ಪಲಿ ಬಿಚ್ಚು, ಮರದ ಹತ್ರ ಬರಿಗಾಲು. ಹೂ ಕೀಳೋವಾಗ ಮಾತಾಡಬಾರದು. ಬೈಬಾರದು. ಬೈದರೆ ಹೂ ಕೆಡತ್ತೆ."

"ಯಾರನ್ನ ಬೈಯೋಕೆ ಹೋಗ್ತೀನಿ ನಾನು ಮರದ ಹತ್ರ?"

ಬಿಂಬುಳಿ ಮರದ ತುಂಬ ಕೆಂಜಿಗಗಳಿದ್ದವು. ಜಹಾರಾ ಅದನ್ನು ಹೇಳಲಿಲ್ಲ. ಫೌಜಿಯಾ ಕಾಂಡಕ್ಕೆ ಕೈ ಹಚ್ಚಿ ಮೊದಲ ಗೊಂಚಲು ಕಿತ್ತಳು. ಇರುವೆಗಳು ಉಂಗುರ ದಾಟಿ, ಬಳೆ ದಾಟಿ ಚಿನ್ನದ ಬಣ್ಣದ ತೋಳಿನೊಳಗೆ ಹೋದವು. ಫೌಜಿಯಾಳ ಬಾಯಿ ತೆರೆಯಿತು.

"ಹೂಂ?" ಅಂದಳು ಜಹಾರಾ.

ಬಾಯಿ ಮುಚ್ಚಿತು. ಕಣ್ಣಲ್ಲಿ ನೀರು ತುಂಬಿತು. ಫೌಜಿಯಾ ಮೂಗಿನಲ್ಲಿ ಎತ್ತಿನ ಹಾಗೆ ಉಸಿರು ಬಿಡುತ್ತ, ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಜಿಗಿಯುತ್ತ ಹೂ ಕಿತ್ತಳು. ಬಟ್ಟಲಿಗೆ ಬೇಕಾದದ್ದು ಒಂದು ಹಿಡಿ. ಜಹಾರಾ ಎರಡು ಹಿಡಿ ಆಗುವವರೆಗೂ ಸಾಕು ಅನ್ನಲಿಲ್ಲ.

ಚಪ್ಪರಕ್ಕೆ ಮರಳಿದ ಮೇಲೆ ಫೌಜಿಯಾ ತೋಳು ಕೊಡವಿ ಅಷ್ಟೂ ಬೈಗುಳ ಒಟ್ಟಿಗೆ ಬೈದಳು. ಕೊಪ್ಪರಿಗೆಯವರು ಮೆಚ್ಚಿಕೊಂಡರು. ಪಟ್ಟಣದವಳಿಗೆ ಇಷ್ಟೆಲ್ಲ ಬರುತ್ತದೆ ಅಂತ ಅವರಿಗೆ ಗೊತ್ತಿರಲಿಲ್ಲ.

"ತೊಟ್ಟು ಬಿಡಿಸು" ಅಂದಳು ಜಹಾರಾ, ಕೈ ಹಿಂದೆ ಕಟ್ಟಿಕೊಂಡು. "ಹಿಂಡಬೇಡ. ಹೂವದು, ಹಿಟ್ಟಲ್ಲ."

"ದಿನಕ್ಕೆ ನೂರು ಕೇಕ್ ಮಾಡ್ತೀನಿ ನಾನು. ನೀನು ನನಗೆ ಕೈಕೆಲಸ ಹೇಳ್ಕೊಡಬೇಡ."

"ಕೇಕ್ ತಿಂದು ಯಾರ ಕೆಮ್ಮು ಹೋಗಿದೆ? ಸೋಂಪು ಚಿಟಿಕೆ. ಚಿಟಿಕೆ ಅಂದೆ, ಮುಷ್ಟಿ ಅಲ್ಲ. ಕಲ್ಲುಸಕ್ಕರೆ ಒಡಿ. ನೀರು ಹಾಕಬೇಡ, ಹಬೆಗೆ ತಾನೇ ಬಿಡತ್ತೆ. ಮುಚ್ಚು."

ಮುಚ್ಚಳದ ಬಟ್ಟಲನ್ನು ಅನ್ನದ ಹಂಡೆಯಲ್ಲಿ, ಬೇಯುತ್ತಿದ್ದ ಅನ್ನದ ಮೇಲೆ ಇಟ್ಟರು. ಇಬ್ಬರೂ ಹಂಡೆಯ ಎರಡು ಬದಿಗೆ ನಿಂತರು, ಒಬ್ಬರ ಮುಖ ಒಬ್ಬರು ನೋಡದೆ. ಹಬೆಗೆ ಫೌಜಿಯಾಳ ಕಣ್ಣಿನ ಕಪ್ಪು ಕರಗಿ ಕೆನ್ನೆಗೆ ಬಂತು. ಜಹಾರಾ ಅದನ್ನೂ ಹೇಳಲಿಲ್ಲ.

"ಸೋಸೋವಾಗ ದೇವರ ಹೆಸರು ಹೇಳಿ ಒಂದು ಸಲ ಊದು. ಬಿಸಿಯಾಗೇ ಕುಡಿಸು, ಗುಟುಕು ಗುಟುಕಾಗಿ. ಐಸು, ಎಳನೀರು, ಕರಿದದ್ದು ಮುಟ್ಟಬಾರದು."

"ಅಷ್ಟೇನಾ?"

"ಅಷ್ಟೇ."

"ಇಷ್ಟಕ್ಕೇ ಇಷ್ಟು ಜಂಭ ಮಾಡ್ತಿದ್ಯಾ?" ಫೌಜಿಯಾ ಬಟ್ಟಲನ್ನು ತಲೆವಸ್ತ್ರದ ಸೆರಗಿನಲ್ಲಿ ಹಿಡಿದು ಒಳಗೆ ಹೋದಳು.

ಮೂರನೇ ಸಲಕ್ಕೆ ಜಹಾರಾ ಬಾಗಿಲಿಗೆ ಹೋಗಲಿಲ್ಲ. ಹೋದರೆ ಇನ್ನೇನಾದರೂ ಅನ್ನುತ್ತಾರೆ. ಅಡುಗೆಮನೆಯ ಗೋಡೆಗೆ ಒರಗಿ ಕೇಳಿದಳು. ಖಾಜಿಯ ದನಿ ಮುಗಿಯಿತು. ಹಜ್ವಾನ್ ಶುರುಮಾಡಿದ. ಬೆನ್ನಟ್ಟಿಸಿಕೊಂಡವನ ಹಾಗೆ ಹೇಳುತ್ತಿದ್ದ. ವಾಹಿದಾ ದಾಟಿತು. ಸೊಬ್ರಿ ದಾಟಿತು. ಮಹರು ದಾಟಿತು. ಅಲ್ಲಿ ಗಂಟಲೊಳಗೆ ಏನೋ ಕಿರ್ ಅಂದಿತು, ತುಂಡಾಗಲಿಲ್ಲ. ಕೊನೆಯ 'ಒಪ್ಪಿಕೊಂಡೆ' ನಾರು ಬಿಚ್ಚಿದ ಹಗ್ಗದ ತುದಿಯ ಹಾಗೆ ಬಂದು ಮುಟ್ಟಿತು.

"ಸಿಂಧು" ಅಂದ ಮೊದಲ ಸಾಕ್ಷಿ.

ಎರಡನೆಯವನು ಯೋಚಿಸಿದ. ಯೋಚಿಸಲು ಅಲ್ಲಿ ಏನೂ ಇರಲಿಲ್ಲ. ಎಲ್ಲರ ಕಣ್ಣು ತನ್ನ ಮೇಲಿರುವುದು ಅವನಿಗೆ ಹಿತವಾಗಿತ್ತು, ಅಷ್ಟೆ.

"ಸಿಂಧು."

ಹಜ್ವಾನ್ ಆಮೇಲೆ ಪ್ರಾರ್ಥನೆ ಮುಗಿಯುವವರೆಗೂ ಕೆಮ್ಮಿದ. ಅದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಊಟದ ಹೊತ್ತಿಗೆ ಸುದ್ದಿ ಎಲ್ಲ ಪಂಕ್ತಿಗೂ ಮುಟ್ಟಿತ್ತು. ಫೌಜಿಯಾಳೇ ಮುಟ್ಟಿಸಿದ್ದಳು. ಬೀಗರ ಮೇಜಿನ ತಲೆಯಲ್ಲಿ ಕೂತು ಪಟ್ಟಣದ ನೆಂಟರಿಗೆ ಹೇಳುತ್ತಿದ್ದಳು: "ನಾನೇ ಕೈಯಾರೆ ಮಾಡಿದ್ದು. ಒಂದೇ ಬಟ್ಟಲು. ಏನು ದೊಡ್ಡ ವಿದ್ಯೆ? ಕೈಗುಣ ಇರಬೇಕು ಅಷ್ಟೇ."

ಜಹಾರಾ ಅನ್ನದ ಬೋಗುಣಿ ಹಿಡಿದು ಹಾದುಹೋಗುತ್ತಿದ್ದಳು. ಗದ್ದೆಯ ಪಂಪು ನೋಡಿಕೊಳ್ಳುವ ಮುದುಕ ಅವಳ ದಾರಿಗೆ ಬಂದ. "ಮಾಕ್ ಲೊಂಗ್, ರಾತ್ರಿಯೆಲ್ಲ ಕೆಮ್ಮು. ಹೋಗೋವಾಗ ಒಂಚೂರು ಔಷಧಿ..."

"ನನ್ನ ಹತ್ರ ಇಲ್ಲ. ಅಲ್ಲಿ ಚಿನ್ನದ ಬಣ್ಣದಲ್ಲಿ ಕೂತಿದಾಳಲ್ಲ, ಅವಳನ್ನ ಕೇಳು. ಬೇಗ ಕೇಳು, ಸಾಯಂಕಾಲ ಹೊರಡ್ತಾಳೆ."

ಮುದುಕ ಹೋಗಿ ಕೇಳಿದ. ಅವನ ಹಿಂದೆ ಇನ್ನೊಬ್ಬ. ಮಗು ಎತ್ತಿಕೊಂಡ ಒಬ್ಬಳು. ಹುಲ್ಲಿನ ಹೊಗೆ ಕುಡಿದ ಪಾಯಾ ಲಿಂತಾದ ಗಂಟಲುಗಳೆಲ್ಲ ತಟ್ಟೆ ಬಿಟ್ಟು ಎದ್ದು ಬೀಗರ ಮೇಜಿನ ಸುತ್ತ ಸೇರಿದವು. ಫೌಜಿಯಾ ಕೈಯಲ್ಲಿದ್ದ ಮಾಂಸದ ತುಂಡು ಕೆಳಗಿಟ್ಟಳು.

"ಇವರಿಗೆಲ್ಲ ನಾನ್ಯಾಕೆ ಮಾಡ್ಲಿ?"

"ಕೇಳಿದೋರಿಗೆ ಇಲ್ಲ ಅನ್ನಬಾರದು" ಜಹಾರಾ ಬೋಗುಣಿ ಹಿಡಿದು ಅಲ್ಲಿಂದಲೇ ಕೂಗಿದಳು. "ಇಲ್ಲ ಅಂದ್ರೆ ಮೊದಲು ಮಾಡಿದ್ದರ ಗುಣಾನೂ ಹೋಗತ್ತೆ. ಹೇಳೋದು ಮರೆತಿದ್ದೆ."

ಮರೆತಿರಲಿಲ್ಲ.

ಫೌಜಿಯಾ ಮಗನ ಕಡೆ ನೋಡಿದಳು. ಅವನು ಹೊಸ ಹೆಂಡತಿಯ ಪಕ್ಕ ಕೂತು ಬಾಯಿಗೆ ಕರವಸ್ತ್ರ ಹಿಡಿದಿದ್ದ. ಫೌಜಿಯಾ ಎದ್ದಳು. ಲುಂಗಿ ಮೊಣಕಾಲಿಗೆ ಎತ್ತಿ ಕಟ್ಟಿದಳು, ಚಪ್ಪಲಿ ಬಿಚ್ಚಿದಳು. ಬಿಂಬುಳಿ ಮರಕ್ಕೆ ಹೋಗುವ ದಾರಿಯಲ್ಲಿ ಜಹಾರಾಳ ಎದುರಿಗೆ ನಿಂತಳು. ತೋಳಿನ ಮೇಲೆ ಇರುವೆ ಕಚ್ಚಿದ ದದ್ದುಗಳು ಹಾಗೇ ಇದ್ದವು.

"ಮಾಡ್ತೀನಿ. ಎಲ್ಲರಿಗೂ ಮಾಡ್ತೀನಿ" ಅಂದಳು. "ನಿಂಗೂ ವಯಸ್ಸಾಯ್ತು. ಈ ಹೊಗೇಲಿ ನೀನೂ ಕೆಮ್ತೀಯಾ. ಆಗ ಸುಂಗೈ ಪತಾನಿಗೆ ಬಸ್ಸು ಹತ್ತಿ ನನ್ನ ಅಂಗಡಿ ಮುಂದೆ ಬಂದು ನಿಂತ್ಕೋ. ಕೇಳಿದೋರಿಗೆ ಇಲ್ಲ ಅನ್ನಬಾರದಲ್ಲ."

ಜಹಾರಾ ಉತ್ತರ ಕೊಡಲು ಬಾಯಿ ತೆರೆದಳು. ಗಂಟಲಲ್ಲಿ ಸಣ್ಣದಾಗಿ ಏನೋ ಕೆರೆಯಿತು. ಬಾಯಿ ಮುಚ್ಚಿದಳು.

ಸಂಜೆ ಗದ್ದೆಗಳ ಕಡೆಯಿಂದ ಹೊಗೆ ಇನ್ನೂ ದಟ್ಟವಾಗಿ ಬಂತು. ಬೀಗರ ಕಾರುಗಳು ಹೊರಡುವವರೆಗೂ ಜಹಾರಾ ಪಾತ್ರೆಗಳ ನಡುವೆ ತಲೆ ಬಗ್ಗಿಸಿ ಕೂತಿದ್ದಳು. ಮತ್ತೆ ಮತ್ತೆ ನೀರು ಕುಡಿದಳು, ಎಂಜಲು ನುಂಗಿದಳು. ಮುನಾ ಏನೋ ಕೇಳಿದರೆ ತಲೆಯಾಡಿಸಿ ಸುಮ್ಮನಾದಳು. ವಾಹಿದಾ ಬಂದು ಕೈ ಮುಟ್ಟಿ ನಮಸ್ಕರಿಸಿದಾಗಲೂ ಬಾಯಿ ಬಿಡಲಿಲ್ಲ. ಹುಡುಗಿ ಅದನ್ನು ಸಿಟ್ಟು ಅಂತ ತಿಳಿದಳು. ಅದೂ ಇತ್ತು. ಕೊನೆಯ ಕಾರು ಏರಿಯ ತಿರುವು ದಾಟಿ ಸದ್ದು ಅಡಗಿದ ಮೇಲೆ ಜಹಾರಾ ಎದ್ದು ಬಚ್ಚಲಿಗೆ ಹೋದಳು. ಅಗಳಿ ಹಾಕಿ, ನಲ್ಲಿ ಪೂರ್ತಿ ತಿರುಗಿಸಿ, ಸಾಕಾಗುವವರೆಗೂ ಕೆಮ್ಮಿದಳು.